ಉಗುರಕ್ಕ ಹಾಕಿದ ಸಹಿ

ಆ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಎಲ್ಲರಿಗೂ ಅವಳು ಉಗುರಕ್ಕ. ಕೈಗವಸು ಕಡ್ಡಾಯವಾಗುವ ಮುಂಚಿನ ಕಾಲದಲ್ಲಿ ಬಲಗೈ ಹೆಬ್ಬೆರಳಿನ ಉಗುರನ್ನು ಒಂಚೂರು ಬೆಳೆಸಿಕೊಂಡಿದ್ದಳು. ಅಚ್ಚಿನಿಂದ ಹೊರಬಂದ ಪ್ಲಾಸ್ಟಿಕ್ ತುಂಡಿನ ಅಂಚಿನುದ್ದಕ್ಕೂ ಆ ಉಗುರನ್ನು ಮೆಲ್ಲಗೆ ಎಳೆಯುತ್ತಿದ್ದಳು. ಕಣ್ಣಿಗೆ ಬೀಳದ ಎಳೆ ಉಗುರಿಗೆ ಸಿಕ್ಕಿಬೀಳುತ್ತಿತ್ತು. "ನಡೆಯಲ್ಲ" ಎಂದು ಒಂದೇ ಮಾತು. ತುಂಡು ಕೆಂಪು ಬುಟ್ಟಿಗೆ ಹೋಗುತ್ತಿತ್ತು. ಆಮೇಲೆ ಕೈಗವಸು ಬಂತು, ತಲೆಗೆ ಟೋಪಿ, ಬಾಯಿಗೆ ಬಟ್ಟೆ, ಕಾಲಿಗೆ ಚೀಲ ಎಲ್ಲ ಬಂದವು. ಉಗುರು ಹೋಯಿತು, ಹೆಸರು ಉಳಿಯಿತು.

ಇಪ್ಪತ್ತೆರಡು ವರ್ಷ ತಪಾಸಣೆಯ ಕೋಣೆಯಲ್ಲಿ ಕೂತು ಅವಳು ಮನುಷ್ಯರನ್ನು ಎರಡೇ ಜಾತಿ ಮಾಡಿಕೊಂಡಿದ್ದಳು. ಪ್ಲಾಸ್ಟಿಕ್ ಎಂದರೆ ಒಂದೇ ವಸ್ತುವಲ್ಲ ಎಂದು ಗೊತ್ತಿರುವವರು, ಮತ್ತು ಉಳಿದವರು. ಮೊದಲನೆಯವರನ್ನು ಎಣಿಸಲು ಒಂದು ಕೈ ಸಾಕಿತ್ತು. ಎರಡನೆಯ ಜಾತಿಯಲ್ಲಿ ಅವಳ ಸ್ವಂತ ಅಣ್ಣನೂ ಇದ್ದ. ಅವನದು ಬಕೆಟ್ಟು, ಮಗ್ಗು, ಕುರ್ಚಿ ಮಾರುವ ಅಂಗಡಿ.

"ಎಷ್ಟಾದ್ರೂ ನಮ್ಮಿಬ್ರದೂ ಒಂದೇ ಕಸುಬು ಅಲ್ವೇನೇ? ಎಲ್ಲಾ ಪ್ಲಾಸ್ಟಿಕ್ಕೇ" ಎಂದು ಅವನು ಒಮ್ಮೆ ನೆಂಟರ ಮುಂದೆ ಅಂದಿದ್ದ.

"ಹೌದು ಕಣೋ ಅಣ್ಣ" ಎಂದಿದ್ದಳು ಉಗುರಕ್ಕ. "ನೀನೂ ಬಿಳಿ ಶರ್ಟು, ಹಾರ್ಟ್ ಆಪರೇಷನ್ ಮಾಡೋ ಡಾಕ್ಟ್ರೂ ಬಿಳಿ ಶರ್ಟು. ನಾಳೆಯಿಂದ ನೀನೇ ಆಪರೇಷನ್ ಮಾಡು."

ಅಣ್ಣ ಎರಡು ತಿಂಗಳು ಅವಳ ಮನೆಯ ಕಡೆ ತಲೆ ಹಾಕಲಿಲ್ಲ. ಅವಳಿಗೇನೂ ನಷ್ಟವೆನಿಸಲಿಲ್ಲ.

ಅವಳ ಕೈಯಲ್ಲಿ ದಿನವೂ ಓಡಾಡುತ್ತಿದ್ದದ್ದು ಅಂಗೈಯಗಲದ ಒಂದು ಬಟ್ಟಲು. ತಿಳಿ ಜೇನಿನ ಬಣ್ಣ, ಗಾಜಿನಂತೆ ಪಾರದರ್ಶಕ, ಮೂರು ಕಡೆ ಮೂರು ಸಣ್ಣ ಮೂತಿ. ಮೈಯಿಂದ ಹೊರಗೆ ಹರಿಸಿದ ರಕ್ತವನ್ನು ಸೋಸಿ ಮತ್ತೆ ಒಳಗೆ ಬಿಡುವ ಯಂತ್ರವೊಂದರಲ್ಲಿ ಅದು ಕೂರುತ್ತಿತ್ತು. ಆಸ್ಪತ್ರೆಯವರು ಅದನ್ನು ಬಿಸಿ ಹಬೆಯಲ್ಲಿ ಬೇಯಿಸಿ ಶುದ್ಧ ಮಾಡುತ್ತಾರೆ, ಕ್ರಿಮಿನಾಶಕ ದ್ರಾವಣದಿಂದ ಒರೆಸುತ್ತಾರೆ, ಮತ್ತೆ ಬೇಯಿಸುತ್ತಾರೆ. ಅಣ್ಣನ ಅಂಗಡಿಯ ಮಗ್ಗು ಮೊದಲನೆಯ ಹಬೆಗೇ ಮುದುಡಿ ಮುದ್ದೆಯಾಗುತ್ತಿತ್ತು. ಈ ಬಟ್ಟಲು ನೂರಾರು ಸಲ ತಡೆಯಬೇಕು. ಅದಕ್ಕಾಗಿಯೇ ಪಾಲಿಸಲ್ಫೋನ್ ಎಂಬ ಪ್ಲಾಸ್ಟಿಕ್ಕಿನ ಕಾಳು ಮೂಟೆಗಳಲ್ಲಿ ಬರುತ್ತಿತ್ತು. ಆ ಕಾಳಿಗೆ ಬಹಳ ಗತ್ತು. ಗಾಳಿಯ ತೇವ ಕುಡಿದಿದ್ದರೆ ಕೆಡುತ್ತಿತ್ತು, ಆದ್ದರಿಂದ ಗಂಟೆಗಟ್ಟಲೆ ಒಣಗಿಸಬೇಕು. ಕರಗಿಸಿ ಅಚ್ಚಿಗೆ ಒತ್ತಿದಾಗ ಅಚ್ಚೂ ಕುದಿಯುವ ನೀರಿಗಿಂತ ಬಿಸಿಯಾಗಿರಬೇಕು. ಅಚ್ಚು ತಣ್ಣಗಿದ್ದರೆ ತುಂಡು ಗಡಿಬಿಡಿಯಲ್ಲಿ ಗಟ್ಟಿಯಾಗುತ್ತದೆ. ಆ ಗಡಿಬಿಡಿಯ ಬಿಗಿತ ಅದರ ಮೈಯೊಳಗೇ ಉಳಿದುಬಿಡುತ್ತದೆ. ನೋಡಲು ಏನೂ ವ್ಯತ್ಯಾಸವಿಲ್ಲ. ಅಳತೆ ಸರಿ, ತೂಕ ಸರಿ. ಎಂದೋ ಒಂದು ದಿನ, ಯಾರೋ ದ್ರಾವಣ ಹಚ್ಚಿ ಒರೆಸಿದಾಗ, ಕೂದಲೆಳೆಯಷ್ಟು ಬಿರುಕು ಬಾಯಿ ಬಿಡುತ್ತದೆ.

ಇದನ್ನೆಲ್ಲ ಅವಳಿಗೆ ಕಲಿಸಿದವನು ಅಚ್ಚಿನ ಯಂತ್ರ ನೋಡಿಕೊಳ್ಳುವ ಫಿಟ್ಟರ್. ಎಡ ಮುಂಗೈ ಮೇಲೆ ಹಳೆಯ ಸುಟ್ಟ ಕಲೆಯಿದ್ದುದರಿಂದ ಅವನು ಸುಟ್ಟಣ್ಣ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಉಗುರಕ್ಕನ ಒಂದು ಕೈಯ ಎಣಿಕೆಯಲ್ಲಿ ಹೆಬ್ಬೆರಳು ಅವನದೇ ಆಗಿತ್ತು.

ಯಜಮಾನರು ಆ ಎಣಿಕೆಯಲ್ಲಿ ಇರಲಿಲ್ಲ. ಒಂದು ಕಾಲದಲ್ಲಿ ಇದ್ದರು. ತಾವೇ ಅಂಗಿಯ ತೋಳು ಮಡಚಿ ಫಿಟ್ಟರ್ ಆಗಿ ಯಂತ್ರದ ಮುಂದೆ ನಿಂತಿದ್ದವರು. ಮೈಗೆ ಕೋಟು ಬಂದ ಮೇಲೆ ಬೆನ್ನುಮೂಳೆ ಎಲ್ಲೋ ಜಾರಿಹೋಯಿತು ಎಂದು ಅವಳ ಲೆಕ್ಕ. ಮಗಳನ್ನು ಕೊಟ್ಟು ಅಳಿಯನನ್ನು ತಂದರು. ಅಳಿಯ ಅದಕ್ಕೆ ಮುಂಚೆ ಬಿಸ್ಕತ್ತಿನ ಕಂಪನಿಯಲ್ಲಿದ್ದ. ಬಂದ ಮೊದಲ ವಾರವೇ ಕಾರ್ಖಾನೆಯೊಳಗೆ ಬಿಳಿ ಕೋಟು, ಕನ್ನಡಕ ಹಾಕಿಕೊಂಡು, ನಿಂತುಹೋಗಿದ್ದ ಯಂತ್ರವೊಂದರ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡ. ಆ ಯಂತ್ರ ಆರು ತಿಂಗಳಿಂದ ಕೆಟ್ಟಿತ್ತು. ಕೆಲಸಗಾರರು ಅವನಿಗೆ ಅಳಿಯದೇವರು ಎಂದು ಹೆಸರಿಟ್ಟರು. ಎದುರಿಗೆ ಸರ್, ಬೆನ್ನ ಹಿಂದೆ ದೇವರು.

ದೇವರಿಗೆ ಮಾತು ಚೆನ್ನಾಗಿ ಬರುತ್ತಿತ್ತು. ಯಾವ ಸಭೆಯಲ್ಲೂ ಮೊದಲು ಬಾಯಿ ತೆರೆಯುವವನೂ ಕೊನೆಗೆ ಮುಚ್ಚುವವನೂ ಅವನೇ. ನಡುವೆ ಬೇರೆಯವರು ಏನಾದರೂ ಹೇಳಿದರೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಕೇಳಿಸಿಕೊಳ್ಳುತ್ತಿದ್ದಾನೆ ಎಂದು ಹೊಸಬರು ನಂಬುತ್ತಿದ್ದರು. ತನ್ನ ಮುಂದಿನ ಮಾತನ್ನು ಬಾಯಲ್ಲೇ ಉರುಹೊಡೆಯುತ್ತಿದ್ದಾನೆ ಎಂದು ಉಗುರಕ್ಕನಿಗೆ ಎರಡನೆಯ ಸಭೆಯಲ್ಲೇ ತಿಳಿಯಿತು.

ಒಂದು ದಿನ ಬೆಳಿಗ್ಗೆ ಅಳಿಯದೇವರು ಕೈಯಲ್ಲಿ ಸ್ಟಾಪ್ ವಾಚ್ ಹಿಡಿದು ಅಚ್ಚಿನ ಯಂತ್ರದ ಮುಂದೆ ಬಂದು ನಿಂತ. ಒಂದು ಬಟ್ಟಲು ಹೊರಬೀಳಲು ಎಷ್ಟು ಹೊತ್ತು ಎಂದು ಐದು ಸಲ ನೋಡಿದ. ಆಮೇಲೆ ಸುಟ್ಟಣ್ಣನನ್ನು ಕರೆದ.

"ಅಚ್ಚು ಯಾಕಿಷ್ಟು ಬಿಸಿ ಇಡ್ತೀರಾ?"

"ಇಡ್ಬೇಕು ಸರ್."

"ಯಾಕೆ?"

"ಕಾಳು ಅಂಥದ್ದು ಸರ್."

"ಅದು ಉತ್ತರ ಅಲ್ಲ. ಬಿಸಿ ಕಮ್ಮಿ ಮಾಡಿದ್ರೆ ಬೇಗ ಗಟ್ಟಿಯಾಗುತ್ತಲ್ವಾ? ಬೇಗ ಗಟ್ಟಿಯಾದ್ರೆ ಬೇಗ ತೆಗೀಬಹುದಲ್ವಾ?"

ಸುಟ್ಟಣ್ಣ ತನ್ನ ಆ ದಿನದ ಮಾತುಗಳನ್ನು ಹೆಚ್ಚುಕಮ್ಮಿ ಖರ್ಚು ಮಾಡಿಯಾಗಿತ್ತು. ಉಗುರಕ್ಕನ ಕೋಣೆಯ ಗಾಜಿನ ಕಡೆ ನೋಡಿದ. ಅವಳು ಎದ್ದು ಬಂದಳು.

"ಸರ್, ಬೇಗ ಗಟ್ಟಿಯಾಗುತ್ತೆ, ಬೇಗ ಬಿರುಕೂ ಬಿಡುತ್ತೆ" ಎಂದಳು.

"ಬಿಟ್ಟಿರೋದು ತೋರಿಸಿ ಮೇಡಂ."

"ಬಿಸಿ ಅಚ್ಚಲ್ಲಿ ಮಾಡಿದ್ದು ಬಿಡಲ್ಲ ಸರ್, ಅದಕ್ಕೇ ತೋರಿಸಕ್ಕೆ ನನ್ನ ಹತ್ರ ಇಲ್ಲ."

"ನೋಡಿದ್ರಾ?" ಎಂದು ಅಳಿಯದೇವರು ನಕ್ಕ. ಎದುರಾಳಿಯ ಬಾಯಿಂದಲೇ ಗೆಲುವು ಕಿತ್ತುಕೊಂಡವನ ನಗು. "ಬಿಸ್ಕತ್ತಲ್ಲೂ ಹಿಂಗೇ ಹೇಳೋರು. ಇಷ್ಟು ಹೊತ್ತು ಬೇಯ್ಲೇಬೇಕು ಅಂತ. ನಾನು ಎರಡು ನಿಮಿಷ ಕಮ್ಮಿ ಮಾಡಿಸ್ದೆ. ಜನ ತಿನ್ಲಿಲ್ವಾ?"

"ತಿಂದ್ರು ಸರ್. ಇದನ್ನ ತಿನ್ನಲ್ವಲ್ಲ."

ಅವನಿಗೆ ಅದು ಕೇಳಿಸಲಿಲ್ಲ. ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಮರುದಿನದಿಂದ ಅಚ್ಚಿನ ಬಿಸಿ ಇಳಿಯಿತು.

ಮೊದಲನೆಯ ದಿನದ ಬಟ್ಟಲುಗಳನ್ನು ಉಗುರಕ್ಕ ಬೆಳಕಿನ ಪೆಟ್ಟಿಗೆಯ ಮೇಲಿಟ್ಟಳು. ಎರಡು ಕಪ್ಪು ಛಾಯೆಯ ಪಾರದರ್ಶಕ ಹಾಳೆಗಳ ನಡುವೆ ತುಂಡನ್ನಿಟ್ಟು ಕೆಳಗಿನಿಂದ ಬೆಳಕು ಬಿಡುವ ಸಾಧನ ಅದು. ಮೈಯೊಳಗೆ ಬಿಗಿತವಿಲ್ಲದ ಬಟ್ಟಲು ಅಲ್ಲಿ ಮಂಕಾಗಿ, ಅಲ್ಲೊಂದು ಇಲ್ಲೊಂದು ತೆಳು ಬಣ್ಣದ ಪಟ್ಟೆಯೊಂದಿಗೆ ಕಾಣುತ್ತದೆ. ಬಿಗಿತವಿದ್ದರೆ ಬಣ್ಣಗಳು ಎದ್ದು ಬರುತ್ತವೆ. ಇವು ಎದ್ದು ಬರಲಿಲ್ಲ, ಕುಣಿದವು. ನೇರಳೆ, ಹಸಿರು, ಹಳದಿ, ಕೆಂಪು ಪಟ್ಟೆಗಳು ಮೂರೂ ಮೂತಿಗಳ ಬುಡದಲ್ಲಿ ಒಂದರ ಮೇಲೊಂದು ಬಿದ್ದು ಕಿಕ್ಕಿರಿದಿದ್ದವು.

ಅವಳು ನಾಲ್ಕು ಬಟ್ಟಲು ತೆಗೆದುಕೊಂಡು, ಪರೀಕ್ಷೆಗೆಂದೇ ಇಟ್ಟಿದ್ದ ದ್ರಾವಣದ ಶೀಶೆ ಹಿಡಿದು, ಸೀದಾ ಅಳಿಯದೇವರ ಮೇಜಿನ ಮೇಲೆ ಹೋಗಿಟ್ಟಳು. ಅವನ ಕಣ್ಣೆದುರೇ ಒಂದನ್ನು ಅದ್ದಿದಳು. ಒಂದು ನಿಮಿಷ ಆಗುವುದರೊಳಗೆ ಮೂತಿಯ ಬುಡದಲ್ಲಿ ಬಿಳಿ ಗೆರೆ ಮೂಡಿತು, ಕವಲೊಡೆಯಿತು, ಟಿಕ್ ಎಂದು ಮೂತಿ ಕಳಚಿ ಬಿತ್ತು.

ಅಳಿಯದೇವರು ಅದನ್ನು ನೋಡಿದ, ಶೀಶೆಯನ್ನು ನೋಡಿದ. "ಆಸ್ಪತ್ರೆಯಲ್ಲಿ ಇದೇ ದ್ರಾವಣದಲ್ಲಿ ಅದ್ದುತ್ತಾರಾ?"

"ಇದರಲ್ಲೇ ಅಲ್ಲ ಸರ್. ಇದು ಜೋರು. ವರ್ಷದಲ್ಲಿ ಆಗೋದನ್ನ ನಿಮಿಷದಲ್ಲಿ ತೋರಿಸಕ್ಕೆ..."

"ಹಂಗನ್ನಿ ಮತ್ತೆ! ಒಡೀಲೇಬೇಕು ಅಂತ ಹೊರಟರೆ ಕಬ್ಬಿಣಾನೂ ಒಡೆಯುತ್ತೆ ಮೇಡಂ. ನಿಮ್ಮ ಮನಸ್ಸು ಒಡೆಯೋ ಕಡೆಗೇ ಯಾಕೆ ಹೋಗುತ್ತೆ? ಸ್ವಲ್ಪ ಕಟ್ಟೋ ಕಡೆ ಯೋಚನೆ ಮಾಡಿ." ಹೀಗೆಂದು ಶೀಶೆಯನ್ನು ತೆಗೆದು ತನ್ನ ಖಾನೆಯೊಳಗಿಟ್ಟು ಬೀಗ ಹಾಕಿದ. "ಇದೆಲ್ಲ ಸುಮ್ನೆ ಕೆಲಸ ತಡ ಮಾಡುತ್ತೆ."

ಅವಳು ಯಜಮಾನರ ಬಳಿಗೆ ಹೋದಳು. ಅವರು ಬಹಳ ಮರ್ಯಾದೆಯಿಂದ ಕೂರಿಸಿದರು. ಪೂರ್ತಿ ಕೇಳಿಸಿಕೊಂಡರು ಕೂಡ. ಕೇಳುತ್ತ ಕೇಳುತ್ತ ಅವರ ಮುಖದಲ್ಲಿ ಹಳೆಯ ಫಿಟ್ಟರನ ನೆರಳೊಂದು ಹಾದುಹೋದದ್ದನ್ನು ಅವಳು ಕಂಡಳು. ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಅವರು ಮೇಜಿನ ಮೇಲಿದ್ದ ಮಗಳ ಮದುವೆಯ ಫೋಟೋವನ್ನು ಒಂದಿಷ್ಟು ಈ ಕಡೆ, ಒಂದಿಷ್ಟು ಆ ಕಡೆ ತಿರುಗಿಸಿದರು.

"ನೋಡಮ್ಮಾ, ನೀನೂ ಅವನೂ ನನಗೆ ಎರಡು ಕಣ್ಣಿದ್ದ ಹಂಗೆ. ತಪಾಸಣೆ ಫಾರಂನಲ್ಲಿ ಏನೇನಿದೆ?"

"ಅಳತೆ, ತೂಕ, ಬಣ್ಣ, ಹೊಳಪು, ಎಣಿಕೆ."

"ಅವೆಲ್ಲ ಸರಿ ಇವೆಯಾ?"

"ಇವೆ. ಆದ್ರೆ..."

"ಫಾರಂ ಕೇಳಿದ್ದಕ್ಕೆ ಉತ್ತರ ಕೊಡು. ಕೇಳದೇ ಇರೋದಕ್ಕೆ ನೀನ್ಯಾಕೆ ತಲೆ ಕೆಡಿಸ್ಕೋತೀಯಾ? ಸಹಿ ಹಾಕು ತಾಯಿ."

ಅವಳು ತನ್ನ ಕೋಣೆಗೆ ಬಂದು ಕೂತಳು. ಫಾರಮಿನಲ್ಲಿ ಗುರುತು ಹಾಕಲು ಐದೇ ಮನೆಗಳಿದ್ದವು. ಬಿಗಿತ ಇದೆಯೇ ಎಂದು ಕೇಳುವ ಮನೆಯೇ ಇರಲಿಲ್ಲ. ಇಷ್ಟು ವರ್ಷ ಬಿಸಿ ಅಚ್ಚಿನ ಮೇಲಿನ ನಂಬಿಕೆಯಿಂದ ಯಾರಿಗೂ ಬೇಕೆನಿಸಿರಲಿಲ್ಲ. ಬೆಳಕಿನ ಪೆಟ್ಟಿಗೆ, ದ್ರಾವಣ ಎಲ್ಲ ಅವಳದೂ ಸುಟ್ಟಣ್ಣನದೂ ಬಾಯಿಮಾತಿನ ಏರ್ಪಾಡು. ಐದೂ ಮನೆಗಳಲ್ಲಿ ಅವಳು ಸರಿ ಗುರುತು ಹಾಕಿದಳು. ಒಂದೂ ಸುಳ್ಳಾಗಿರಲಿಲ್ಲ. ಕೆಳಗೆ ಸಹಿ ಹಾಕಿದಳು.

ಆ ಸಂಜೆ ಮನೆಯಲ್ಲಿ ಗಂಡ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅವಳ ಸಿಟ್ಟು, ಬೈಗುಳ, ಮೂಗುಮುರಿತ ಎಲ್ಲವನ್ನೂ ಅವನು ಮೂವತ್ತು ವರ್ಷದಿಂದ ಪೆಡಲ್ ತುಳಿಯುತ್ತಲೇ ಕೇಳಿದವನು. ಅವಳು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಶುರು ಮಾಡಿದಳು. ಅಳಿಯದೇವರ ಬಿಸ್ಕತ್ತು, ಬೀಗ, ಯಜಮಾನರ ಎರಡು ಕಣ್ಣು.

"ಎರಡು ಕಣ್ಣಂತೆ ರೀ. ಒಂದು ಕುರುಡು, ಇನ್ನೊಂದನ್ನ ಇವರೇ ಮುಚ್ಚಿಸ್ತಾರೆ."

ಗಂಡ ನಕ್ಕ. "ನೆನೆಸದ ಬಟ್ಟೆ ಹೊಲಿದ ಹಂಗಾಯ್ತು ಬಿಡು. ಹಾಕ್ಕೊಂಡಾಗ ಚೆನ್ನಾಗೇ ಇರುತ್ತೆ. ಒಗೆದ ಮೇಲೆ ಕುಗ್ಗಿದಾಗ ಗೊತ್ತಾಗೋದು."

"ಅಷ್ಟೇ ವಿಷಯ! ನಿಮಗೆ ಗೊತ್ತಾಯ್ತು, ಆ ಬೆಪ್ಪುತಕ್ಕಡಿಗೆ ಗೊತ್ತಾಗ್ಲಿಲ್ಲ."

"ಮತ್ತೆ ನೀನೇನು ಮಾಡ್ದೆ?"

"ಸಹಿ ಹಾಕ್ದೆ."

ಪೆಡಲ್ ನಿಂತಿತು. ಅವನು ತಲೆಯೆತ್ತಿ ಅವಳನ್ನು ನೋಡಿದ. ಸೂಜಿಯ ಕೆಳಗಿನ ಬಟ್ಟೆ ಸರಿಪಡಿಸಿಕೊಂಡು ಮತ್ತೆ ತುಳಿಯತೊಡಗಿದ. ಅವಳು ಬೈಯುವುದನ್ನು ಅಲ್ಲಿಗೇ ನಿಲ್ಲಿಸಿ ಒಳಗೆ ಹೋದಳು. ಆವತ್ತಿನವರೆಗೆ ಅವಳ ತಾತ್ಸಾರವೆಲ್ಲ ಹೊರಗಡೆಗೇ ಹರಿಯುತ್ತಿತ್ತು. ಕೈಕಾಲು ತೊಳೆಯುವಾಗ ಕನ್ನಡಿಯಲ್ಲಿ ಕಂಡ ಮುಖವನ್ನು ನೋಡಿ, ಈ ಹೆಂಗಸೂ ಅದೇ ಎರಡನೆಯ ಜಾತಿಯವಳೇ ಅಂದುಕೊಂಡಳು.

ಏಳು ವಾರ ಹೀಗೇ ನಡೆಯಿತು. ಎರಡು ಸಾವಿರದ ನಾನೂರು ಬಟ್ಟಲು ಹೋದವು. ಪ್ರತಿ ಬ್ಯಾಚಿಗೂ ಅವಳ ಸಹಿ. ಪ್ರತಿ ಬ್ಯಾಚಿನ ಕೆಲವನ್ನು ಅವಳು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ನೋಡುತ್ತಿದ್ದಳು, ಯಾರೂ ಕೇಳದಿದ್ದರೂ. ಬಟ್ಟಲುಗಳು ಕೊಳ್ಳುವ ಕಂಪನಿಯಲ್ಲಿ ಯಂತ್ರಕ್ಕೆ ಜೋಡಣೆಯಾಗಿ, ಪರೀಕ್ಷೆ ಮುಗಿದು ಆಸ್ಪತ್ರೆ ಮುಟ್ಟಲು ಮೂರು ತಿಂಗಳು ಬೇಕು ಎಂದು ಅವಳಿಗೆ ಗೊತ್ತಿತ್ತು. ಆ ಮೂರು ತಿಂಗಳನ್ನೇ ಒಂದು ನೆಪವಾಗಿ ಹಿಡಿದುಕೊಂಡು ದಿನ ತಳ್ಳುತ್ತಿದ್ದಳು.

ಎಂಟನೆಯ ವಾರ ಅಳಿಯದೇವರು ಫೋಟೋಗ್ರಾಫರನನ್ನು ಕರೆದುಕೊಂಡು ಬಂದ. ಅದೇ ವಾರದ ಕೊನೆಗೆ ದೊಡ್ಡ ಪ್ರದರ್ಶನವೊಂದರಲ್ಲಿ ಮಳಿಗೆ ಹಾಕುವುದಿತ್ತು. ಕೈಗೆ ಕೊಡಲು ಹೊಳೆಯುವ ಪುಸ್ತಿಕೆ ಬೇಕಾಗಿತ್ತು. ಎಲ್ಲ ಕಡೆ ಬಿಳಿ ಗೋಡೆ, ಬಿಳಿ ಕೋಟು, ಉಕ್ಕಿನ ಮೇಜು. ಫೋಟೋಗ್ರಾಫರನಿಗೆ ಬೇಸರ ಬಂದಿತ್ತು. "ಒಂಚೂರು ಬಣ್ಣ ಬೇಕು ಸರ್" ಎನ್ನುತ್ತ ಇಬ್ಬರೂ ತಪಾಸಣೆಯ ಕೋಣೆಗೆ ಬಂದರು. ಪೆಟ್ಟಿಗೆಯ ಮೇಲೊಂದು ಬಟ್ಟಲು ಇತ್ತು.

"ವಾಹ್!" ಎಂದ ಅಳಿಯದೇವರು. ಅವನ ಬಾಯಿ ನಿಜವಾಗಿಯೂ ತೆರೆದೇ ಇತ್ತು. "ಏನ್ರೀ ಇದು! ಕಾಮನಬಿಲ್ಲು! ಇಂಥದ್ದು ಇಟ್ಕೊಂಡು ಒಂದು ದಿನಾನೂ ನನಗೆ ತೋರಿಸ್ಲಿಲ್ವಲ್ಲ ಮೇಡಂ?"

ತೋರಿಸಲು ಹೋದವಳ ಶೀಶೆಗೆ ಬೀಗ ಬಿದ್ದದ್ದು ಅವನಿಗೆ ನೆನಪಿರಲಿಲ್ಲ. ಉಗುರಕ್ಕ ಅವನ ಮುಖವನ್ನೇ ನೋಡಿದಳು. ಈ ಬಣ್ಣ ಏನೆಂದು ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು.

"ಇದಕ್ಕಿಂತ ಜಾಸ್ತಿ ಬಣ್ಣ ಇರೋದು ಇದ್ಯಾ?" ಎಂದು ಅವನೇ ಕೇಳಿದ.

ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಉಳಿಯಿತು. "ಇದೆ ಸರ್" ಎಂದಳು.

ಅವಳು ಹತ್ತು ನಿಮಿಷ ಹುಡುಕಿದಳು. ಇದ್ದುದರಲ್ಲೇ ತೀರಾ ಕೆಟ್ಟ ಬಟ್ಟಲನ್ನು ಆರಿಸಿ ಪೆಟ್ಟಿಗೆಯ ಮೇಲಿಟ್ಟಳು. ಅಂಚಿನಲ್ಲಿ ಕೊರೆದ ಬ್ಯಾಚ್ ನಂಬರು ಕ್ಯಾಮೆರಾಕ್ಕೆ ನೇರವಾಗಿ ಕಾಣುವಂತೆ ತಿರುಗಿಸಿದಳು. ರೋಗಿಗಳ ಬಗ್ಗೆ, ನ್ಯಾಯದ ಬಗ್ಗೆ ಆಗ ಅವಳ ತಲೆಯಲ್ಲಿ ಏನೂ ಇರಲಿಲ್ಲ. ಇವನು ಸಾವಿರ ಜನರೆದುರು ಬೆಪ್ಪನಾಗಲಿ ಎಂಬ ಒಂದೇ ಒಂದು ಆಸೆ, ಹಸಿವಿನಷ್ಟು ಸ್ಪಷ್ಟವಾಗಿ ಇತ್ತು.

ಪುಸ್ತಿಕೆಯ ಮುಖಪುಟದ ತುಂಬಾ ಆ ಬಟ್ಟಲೇ ಬಂತು. ಕೆಳಗೆ ದಪ್ಪ ಅಕ್ಷರದಲ್ಲಿ "ನಿಖರತೆಗೆ ಎಷ್ಟೊಂದು ಬಣ್ಣ!" ಎಂದಿತ್ತು. ಆ ಸಾಲನ್ನು ಅಳಿಯದೇವರು ತಾನೇ ಬರೆದದ್ದು. ಮಳಿಗೆಯ ಹಿಂದಿನ ಗೋಡೆಗೆ ಆಳೆತ್ತರದ ಚಿತ್ರವನ್ನೂ ಅಂಟಿಸಿದರು. ಅವನು ಅದರ ಮುಂದೆ ಕೈಕಟ್ಟಿ ನಿಂತು ಬಂದವರಿಗೆಲ್ಲ ಪುಸ್ತಿಕೆ ಹಂಚಿದ. ಅಂದರೆ ತನ್ನ ಕಾರ್ಖಾನೆಯ ರೋಗವನ್ನು ತಾನೇ ಅಚ್ಚು ಹಾಕಿಸಿ, ಹಲ್ಲು ಕಿರಿಯುತ್ತ, ಕಂಡವರ ಕೈಗೆಲ್ಲ ಕೊಟ್ಟ. ನೂರಾರು ಜನ ಚೆನ್ನಾಗಿದೆ ಎಂದು ಹೊಗಳಿ ಹೋದರು. ಎರಡನೆಯ ಜಾತಿಯವರು.

ಎರಡನೆಯ ದಿನ ಮಧ್ಯಾಹ್ನ ಕೊಳ್ಳುವ ಕಂಪನಿಯ ಪರೀಕ್ಷಕಿ ಬಂದರು. ಐವತ್ತೈದರ ಹತ್ತಿರದ ಹೆಂಗಸು, ಕುತ್ತಿಗೆಗೆ ದಾರದಲ್ಲಿ ಕಟ್ಟಿದ ಕನ್ನಡಕ. ಗೋಡೆಯ ಚಿತ್ರವನ್ನು ದೂರದಿಂದ ನೋಡಿದರು. ಹತ್ತಿರ ಬಂದು ಕನ್ನಡಕ ಏರಿಸಿ ನೋಡಿದರು. ಮೂತಿಯ ಬುಡದ ಪಟ್ಟೆಗಳನ್ನು ಬೆರಳಿಟ್ಟು ಎಣಿಸಿದರು. ಬ್ಯಾಚ್ ನಂಬರನ್ನು ಚೀಟಿಯಲ್ಲಿ ಬರೆದುಕೊಂಡರು.

"ಇದು ನಮಗೆ ಕಳಿಸಿದ ಬ್ಯಾಚಾ?" ಎಂದು ಕೇಳಿದರಂತೆ.

"ನಿಮಗೇ ಅಂತ ಸ್ಪೆಷಲ್ಲಾಗಿ ಮಾಡಿದ್ದು ಮೇಡಂ" ಎಂದನಂತೆ ಅಳಿಯದೇವರು.

ಮಳಿಗೆಯಲ್ಲಿ ಪೆಟ್ಟಿಗೆ ಹೊರಲು ಹೋಗಿದ್ದ ಸುಟ್ಟಣ್ಣ ಇದನ್ನು ಉಗುರಕ್ಕನಿಗೆ ಹೇಳಿದ. ಹೇಳುವಾಗ ಅವನು ನಕ್ಕ. ಅವನ ಹಲ್ಲು ಹೇಗಿವೆ ಎಂದು ಅವಳು ಕಂಡದ್ದು ಅದೇ ಮೊದಲು.

ಮೂರನೆಯ ದಿನ ಬೆಳಿಗ್ಗೆ ಪರೀಕ್ಷಕಿ ಕಾರ್ಖಾನೆಯ ಬಾಗಿಲಲ್ಲಿದ್ದರು. ಅವರ ಜೋಡಣೆಯ ಕೋಣೆಯಲ್ಲಿ ಅದಕ್ಕೆ ಮುಂಚೆಯೇ ಒಂದು ಬಟ್ಟಲು ಒರೆಸುವಾಗ ಬಿರುಕು ಬಿಟ್ಟು, ಪರೀಕ್ಷೆಗೆ ಹರಿಸಿದ ನೀರು ಮೇಜೆಲ್ಲ ಆಗಿತ್ತು. ಕೆಲಸದವರ ಕೈತಪ್ಪು ಎಂದುಕೊಂಡು ಸುಮ್ಮನಾಗಿದ್ದರಂತೆ. ಯಜಮಾನರ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ಅವರು ಪುಸ್ತಿಕೆಯನ್ನು ಮೇಜಿನ ಮೇಲಿಟ್ಟರು.

"ಇದೇನು ಅಂತ ನಿಮಗೆ ಗೊತ್ತಾ?"

"ಅದೊಂದು ಕಲಾತ್ಮಕ ಚಿತ್ರ" ಎಂದು ಅಳಿಯದೇವರು ಶುರು ಮಾಡಿದ. "ನಮ್ಮ ವಸ್ತುವಿನ ಒಳಗಿನ ಸೌಂದರ್ಯ..."

"ಒಳಗಿನ ಬಿಗಿತ" ಎಂದರು ಪರೀಕ್ಷಕಿ. "ಅಚ್ಚು ಎಷ್ಟು ಬಿಸಿ ಇಟ್ಟಿದ್ರಿ?"

ಅಳಿಯದೇವರು ಸುಟ್ಟಣ್ಣನನ್ನು ನೋಡಿದ. "ಅದು ಇವರ ಕೆಲಸ. ಆ ಮಟ್ಟದ ವಿವರಕ್ಕೆ ನಾನು ಹೋಗಲ್ಲ."

ಸುಟ್ಟಣ್ಣ ಜೇಬಿನಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. ಅಚ್ಚಿನ ಬಿಸಿ ಇಳಿಸಬೇಕೆಂದು ಆವತ್ತೇ ಬರೆಸಿಕೊಂಡಿದ್ದ ಆದೇಶ. ಕೆಳಗೆ ಅಳಿಯದೇವರದೇ ಸುತ್ತುಸುತ್ತಾದ ಸಹಿ. ಅವನ ಮುಖ ಹಳೆಯ ಸುಣ್ಣದ ಗೋಡೆಯ ಹಾಗಾಯಿತು. ಉಗುರಕ್ಕ ಏಳು ವಾರದಿಂದ ಕಾದಿದ್ದ ಗಳಿಗೆ ಅದು. ಅವಳು ಅದನ್ನು ಚಪ್ಪರಿಸಿಕೊಂಡು ಸವಿಯಬೇಕೆಂದಿದ್ದಳು, ಸವಿದಳು ಕೂಡ, ಸುಮಾರು ಅರ್ಧ ನಿಮಿಷ.

ಆಮೇಲೆ ಪರೀಕ್ಷಕಿ ತಪಾಸಣೆಯ ಫಾರಮುಗಳ ಕಟ್ಟನ್ನು ಬಿಚ್ಚಿದರು. ಒಂದೊಂದನ್ನೇ ಮಗುಚಿದರು. "ಇದು ಯಾರ ಸಹಿ?"

"ನಂದು."

"ಬೆಳಕಿನ ಪೆಟ್ಟಿಗೆ ಇಟ್ಕೊಂಡಿರೋರು ನೀವೇನಾ?"

"ಹೌದು."

"ಅಂದ್ರೆ ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ಇವರಿಗೆ ಹೇಳ್ದೆ. ದ್ರಾವಣದಲ್ಲಿ ಅದ್ದಿ ತೋರಿಸ್ದೆ. ಯಜಮಾನ್ರಿಗೂ ಹೇಳ್ದೆ." ಅವಳು ಪುಸ್ತಿಕೆಯ ಕಡೆ ಬೆರಳು ತೋರಿಸಿದಳು. "ಫೋಟೋಕ್ಕೆ ಆ ಬಟ್ಟಲು ಆರಿಸಿ ಇಟ್ಟಿದ್ದೂ ನಾನೇ. ನಂಬರ್ ಕಾಣೋ ಹಂಗೆ."

ಪರೀಕ್ಷಕಿ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಇಂಥ ಕಣ್ಣು ತನ್ನನ್ನು ಗುರುತಿಸಬೇಕೆಂದು ಉಗುರಕ್ಕ ಇಪ್ಪತ್ತೆರಡು ವರ್ಷ ಕಾದಿದ್ದಳು ಎನ್ನಬಹುದು. ಒಂದು ಕೈಯ ಎಣಿಕೆಗೆ ಸೇರಬೇಕಾದವರು.

"ಏಳು ವಾರ ಸಹಿ ಹಾಕಿ, ಎಂಟನೇ ವಾರ ಫೋಟೋ ತೆಗೆಸಿದ್ರಿ" ಎಂದರು. "ನನ್ನ ಫೋನ್ ನಂಬರು ಪ್ರತಿ ಫಾರಂ ಮೇಲೂ ಇದೆಯಲ್ಲ?"

ಇತ್ತು. ಬಲಗಡೆಯ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ.

"ಫಾರಂ ಅದನ್ನ ಕೇಳಿರ್ಲಿಲ್ಲ" ಎಂದಳು ಉಗುರಕ್ಕ. ಬಾಯಿಂದ ಬಿದ್ದ ಮೇಲೆ ಅದು ಯಜಮಾನರ ಮಾತೆಂದು ಅವಳಿಗೇ ಗೊತ್ತಾಯಿತು.

ಪರೀಕ್ಷಕಿ, ಉಗುರಕ್ಕ ಅಳಿಯದೇವರನ್ನು ಯಾವ ಕಣ್ಣಿಂದ ನೋಡುತ್ತಿದ್ದಳೋ ಅದೇ ಕಣ್ಣಿಂದ ಅವಳನ್ನು ನೋಡಿ, ಫಾರಮುಗಳ ಕಟ್ಟನ್ನು ಮತ್ತೆ ದಾರದಿಂದ ಕಟ್ಟಿದರು.

ಎರಡು ಸಾವಿರದ ನಾನೂರನ್ನೂ ವಾಪಸು ತರಿಸಲಾಯಿತು. ಎಲ್ಲವನ್ನೂ ಸೀದಾ ಪುಡಿ ಮಾಡಿಬಿಡಿ ಎಂದರು ಯಜಮಾನರು. ಎಣಿಸದೆ ಬಿಡುವುದಿಲ್ಲವೆಂದು ಉಗುರಕ್ಕ ಹಟ ಹಿಡಿದಳು. ಎಣಿಸಿದಾಗ ಏಳು ಕಡಿಮೆ ಬಂದವು. ಒಂದು ಬಿರುಕು ಬಿಟ್ಟದ್ದು. ಎರಡು ಪ್ರದರ್ಶನಕ್ಕೆ ಹೋದವು. ಉಳಿದ ನಾಲ್ಕಕ್ಕಾಗಿ ಅವಳು ತನ್ನ ರಜೆಗಳನ್ನು ತೆಗೆದುಕೊಂಡು ಅಲೆದಳು. ಮೂರು ಬಟ್ಟಲು ಕೊಳ್ಳುವ ಕಂಪನಿಯವರ ಮಾದರಿ ಯಂತ್ರಗಳಲ್ಲಿ ಸಿಕ್ಕವು. ನಾಲ್ಕನೆಯದು ಆಸ್ಪತ್ರೆಯೊಂದರ ಉಗ್ರಾಣದಲ್ಲಿತ್ತು, ತೋರಿಸಲೆಂದು ಕೊಟ್ಟಿದ್ದ ಯಂತ್ರದೊಳಗೆ, ಇನ್ನೂ ಹೊದಿಕೆ ಬಿಚ್ಚಿರಲಿಲ್ಲ. ಉಗ್ರಾಣದವನು ಅವಳನ್ನು ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿದ.

"ಒಂದು ಪ್ಲಾಸ್ಟಿಕ್ ಡಬ್ಬಿಗೆ ಇಷ್ಟು ದೂರ ಬಂದ್ರಾ ಅಮ್ಮಾ? ಹೊರಗಡೆ ಅಂಗಡಿಯಲ್ಲಿ ಸಿಗ್ತಿತ್ತಲ್ಲ" ಎಂದ.

ಬೇರೆ ದಿನವಾಗಿದ್ದರೆ ಅವನಿಗೆ ಒಂದು ಜನ್ಮಕ್ಕಾಗುವಷ್ಟು ಅಂದು ಬರುತ್ತಿದ್ದಳು. ಆವತ್ತು "ಹೌದಪ್ಪ, ಬಂದೆ" ಎಂದಷ್ಟೇ ಹೇಳಿ ಬಟ್ಟಲನ್ನು ಚೀಲಕ್ಕೆ ಹಾಕಿಕೊಂಡಳು.

ಅಚ್ಚು ಮತ್ತೆ ಬಿಸಿಯಾಯಿತು. ಅಳಿಯದೇವರಿಗೆ ಶಿಕ್ಷೆಯಾಯಿತೇ ಎಂದು ಕೇಳಬೇಡಿ. ಅವನನ್ನು ಹೊಸ ಕಟ್ಟಡದ ಮೂರನೆಯ ಮಹಡಿಗೆ, "ಮುಂದಾಲೋಚನೆ ವಿಭಾಗದ ನಿರ್ದೇಶಕ" ಎಂಬ ಫಲಕದ ಹಿಂದೆ, ಮೊದಲಿಗಿಂತ ದೊಡ್ಡ ಮೇಜು ಹಾಕಿ ಕೂರಿಸಿದರು. ಅಲ್ಲಿ ಅವನು ಮುಟ್ಟಿ ಕೆಡಿಸುವಂಥದ್ದು ಏನೂ ಇರಲಿಲ್ಲ; ಯಜಮಾನರ ಜಾಣತನ ಅಲ್ಲಿಗೆ ನಿಂತಿತ್ತು. ಸುಟ್ಟಣ್ಣನಿಗೆ ಏನೂ ಸಿಗಲಿಲ್ಲ, ಅವನು ಕೇಳಲೂ ಇಲ್ಲ. ಉಗುರಕ್ಕನಿಗೆ ಒಂದು ಸಭೆ ಮಾಡಿ ಪ್ರಶಸ್ತಿಪತ್ರ ಕೊಟ್ಟರು. ಗುಣಮಟ್ಟ ಕಾಯ್ದ ಧೀಮಂತೆ ಎಂದು ಅದರಲ್ಲಿ ಬರೆದಿತ್ತು. ಬರೆದುಕೊಟ್ಟವನು ಮೂರನೆಯ ಮಹಡಿಯ ನಿರ್ದೇಶಕನೇ ಎಂದು ಆಮೇಲೆ ತಿಳಿಯಿತು. ಎರಡು ಮಾತಾಡಿ ಎಂದಾಗ ಅವಳು ಎದ್ದು ನಿಂತಳು.

"ಫಾರಂನಲ್ಲಿ ಬಿಗಿತ ಇದೆಯಾ ಅಂತ ಆರನೇ ಮನೆ ಒಂದು ಹಾಕ್ಸಿ" ಎಂದಳು. "ನನಗೆ ಸಹಿ ಹಾಕೋಕೆ ನಾಚಿಕೆ ಆಗೋ ಹಂಗೆ" ಎಂದು ಕೂತುಬಿಟ್ಟಳು. ಚಪ್ಪಾಳೆ ಹೊಡೆಯಬೇಕೋ ಬೇಡವೋ ಎಂದು ತಿಳಿಯದೆ ಜನ ಯಜಮಾನರ ಮುಖ ನೋಡಿದರು. ಅವರು ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಪತ್ರವನ್ನು ಅವಳು ಮನೆಗೂ ಒಯ್ಯಲಿಲ್ಲ.

ಆರನೆಯ ಮನೆ ಬಂತು. ಒಂದು ವರ್ಷದ ಮೇಲೆ ಪರೀಕ್ಷಕಿ ಮತ್ತೆ ಬಂದರು, ಹೊಸ ಬ್ಯಾಚು ಒಪ್ಪಿಕೊಳ್ಳಲು. ಉಗುರಕ್ಕ ಫಾರಮುಗಳನ್ನು ಮುಂದಿಟ್ಟಳು. ಅವರು ಸಹಿಗಳನ್ನು ಓದಿದರು, ಪಕ್ಕಕ್ಕಿಟ್ಟರು, ಕನ್ನಡಕ ಏರಿಸಿಕೊಂಡು "ಬಟ್ಟಲುಗಳನ್ನ ಕೊಡಿ" ಎಂದರು. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೂ ತಾವೇ ಒಂದೊಂದನ್ನೂ ನೋಡಿದರು. ಉಗುರಕ್ಕ ಪಕ್ಕದಲ್ಲಿ ನಿಂತು ಎತ್ತಿ ಎತ್ತಿ ಕೊಟ್ಟಳು. ಮುನ್ನೂರರಲ್ಲಿ ಒಂದೂ ತಿರಸ್ಕಾರವಾಗಲಿಲ್ಲ. ಪರೀಕ್ಷಕಿ ಕೈಗವಸು ಕಳಚಿ, "ಸರಿಯಾಗಿದೆ" ಎಂದು ಹೇಳಿ, ತಮ್ಮ ಸಹಿ ಹಾಕಿ ಹೊರಟರು. ಮನೆ, ಮಕ್ಕಳು, ಆರೋಗ್ಯ ಏನನ್ನೂ ಕೇಳಲಿಲ್ಲ.

ಸಂಜೆ ಗಂಡ ಅಂಗಿಯೊಂದಕ್ಕೆ ಗುಂಡಿ ಹಚ್ಚುತ್ತಿದ್ದ. "ಬಂದಿದ್ರಾ ಅವರು? ಏನಂದ್ರು?"

"ಸರಿಯಾಗಿದೆ ಅಂದ್ರು, ಅಷ್ಟೇ. ನನ್ನ ಸಹಿ ನೋಡಿದ ಮೇಲೂ ಎಲ್ಲಾನೂ ಮತ್ತೆ ತಾವೇ ನೋಡಿದ್ರು. ಒಂದೂ ಬಿಡ್ಲಿಲ್ಲ."

"ಬೇಜಾರಾಯ್ತಾ?"

ಅವಳು ಊಟದ ಡಬ್ಬಿಯನ್ನು ತೊಳೆಯಲು ಹಾಕಿದಳು. "ಯಾಕೆ ಬೇಜಾರು? ಅವರ ಜಾಗದಲ್ಲಿ ನಾನಿದ್ದಿದ್ರೆ ನನ್ನನ್ನ ಬಾಗಿಲಲ್ಲೇ ನಿಲ್ಲಿಸಿರ್ತಿದ್ದೆ" ಎಂದಳು.

ಗಂಡ ಹಲ್ಲಿನಿಂದ ದಾರ ಕಡಿದು, ಇನ್ನೊಂದು ಗುಂಡಿ ಎತ್ತಿಕೊಂಡ.